ಪ್ಲೇಆಫ್‌ಗೆ ಹೋದ ದೋಸೆ ಹಿಟ್ಟು

ನಾನು ಲೀಡ್ಸ್‌ಗೆ ಹೋದದ್ದು ಅರ್ಥಶಾಸ್ತ್ರದಲ್ಲಿ ಒಂದು ವರ್ಷದ ಎಂ.ಎಸ್ಸಿ. ಮಾಡಲು. ಅಮೆರಿಕನ್ ಫುಟ್‌ಬಾಲ್ ಎಂಬ ಆಟವನ್ನು ಅಲ್ಲಿಯತನಕ ಟೀವಿಯಲ್ಲೂ ಪೂರ್ತಿ ನೋಡಿದವನಲ್ಲ. ಆದರೆ ಮೈಸೂರಿನಲ್ಲಿ ಶೇರ್ ಆಟೋದವರು ನನ್ನನ್ನು ಕಂಡ ಕೂಡಲೇ ಇನ್ನೊಬ್ಬರನ್ನು ಹತ್ತಿಸಿಕೊಳ್ಳುವ ಆಸೆ ಬಿಡುತ್ತಿದ್ದರು. ಅಂಥ ಮೈಕಟ್ಟು ನನ್ನದು. ವಿಶ್ವವಿದ್ಯಾಲಯ ತೆರೆದ ವಾರ ಎಲ್ಲ ಕ್ಲಬ್‌ಗಳೂ ಸಾಲಾಗಿ ಮೇಜು ಹಾಕಿಕೊಂಡು ಹೊಸಬರನ್ನು ಕರೆಯುತ್ತಿದ್ದವು. ನಾನು ಚೆಸ್‌ನವರ ಮೇಜು ಹುಡುಕುತ್ತಿದ್ದೆ. ಕೆಂಪು ಗಡ್ಡದ ಹುಡುಗನೊಬ್ಬ ಎದ್ದು ಬಂದು, ಸಂತೆಯಲ್ಲಿ ಎತ್ತು ನೋಡುವವರ ಹಾಗೆ ನನ್ನನ್ನು ಒಂದು ಸುತ್ತು ಹಾಕಿದ. ಅವನು ಅಮೆರಿಕನ್ ಫುಟ್‌ಬಾಲ್ ಟೀಮಿನ ಕ್ಯಾಪ್ಟನ್. ದಂತವೈದ್ಯಕೀಯ ಓದುತ್ತಿದ್ದ ಯಾರ್ಕ್‌ಷೈರಿನವನು.

"ನಮ್ಮ ಟೀಮಿಗೆ ಸೇರು," ಎಂದ.

"ನನಗೆ ಓಡೋಕೆ ಬರಲ್ಲ."

"ಓಡಬೇಕಾಗಿಲ್ಲ."

"ಚೆಂಡು ಹಿಡಿಯೋಕೂ ಬರಲ್ಲ."

"ಒಳ್ಳೇದಾಯ್ತು. ನೀನು ನಿಲ್ಲೋ ಜಾಗದಲ್ಲಿ ಚೆಂಡು ಮುಟ್ಟಲೇಬಾರದು."

ನನ್ನ ಕೆಲಸ ಇಷ್ಟೇ: ಹಿಂದೆ ನಮ್ಮವನೊಬ್ಬ ಚೆಂಡು ಎಸೆಯಲು ನಿಂತಿರುತ್ತಾನೆ, ಎದುರಿನವರು ಅವನ ಮೇಲೆ ಬೀಳದಂತೆ ನಾವು ಐದು ಜನ ಲೈನ್ ಕಟ್ಟಿ ಗೋಡೆಯಾಗಿ ನಿಲ್ಲಬೇಕು. ಇದಕ್ಕೆ ಹೆಲ್ಮೆಟ್ಟು, ಭುಜಕ್ಕೆ ಪ್ಯಾಡು, ಹಲ್ಲಿಗೆ ರಬ್ಬರು. ಅಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. "ಚೆಂಡು ಮುಟ್ಟದೆ ನಿಂತ್ಕೊಳ್ಳೋಕೆ ಅಷ್ಟು ದೂರ ಹೋಗ್ಬೇಕಿತ್ತೇನೋ? ಇಲ್ಲೇ ನಿಂತಿದ್ಯಲ್ಲ," ಎಂದರು.

ಅರ್ಥಶಾಸ್ತ್ರದವನು ಎಂಬ ಕಾರಣಕ್ಕೆ ತಿಂಗಳೊಳಗೆ ನನ್ನನ್ನು ಖಜಾಂಚಿ ಮಾಡಿದರು. ಖಜಾನೆಯಲ್ಲಿ ಏನೂ ಇರಲಿಲ್ಲವಾದ್ದರಿಂದ ಕೆಲಸ ಸುಲಭವಾಗಿತ್ತು.

ನಮ್ಮ ಕೋಚ್ ಅಮೆರಿಕದವರು. ಲೀಡ್ಸ್‌ನ ಹೆಂಗಸನ್ನು ಮದುವೆಯಾಗಿ ಇಲ್ಲೇ ನಿಂತವರು. ಹೊಟ್ಟೆಪಾಡಿಗೆ ನಗರದ ಕೌನ್ಸಿಲ್‌ನಲ್ಲಿ ಕಸದ ಗಾಡಿಗಳ ಸರದಿ ಪಟ್ಟಿ ಹಾಕುತ್ತಿದ್ದರು. ನಮಗೆ ಕಲಿಸುವುದನ್ನು ಬಿಟ್ಟಿಯಾಗಿ, ಬಹಳ ಭಕ್ತಿಯಿಂದ ಮಾಡುತ್ತಿದ್ದರು. ಚಳಿಗಾಲ ಮುಗಿಯುವ ಹೊತ್ತಿಗೆ ನಾವು ಅರ್ಧ ಪಂದ್ಯ ಗೆದ್ದು ಅರ್ಧ ಸೋತಿದ್ದೆವು. ಒಂದೇ ಪಂದ್ಯ ಬಾಕಿ. ಹೆಡಿಂಗ್ಲೀ ಬಡಾವಣೆಯ ಒಂದು ಪಬ್‌ನ ಹಿಂಬದಿ ಕೋಣೆಯಲ್ಲಿ ಕೋಚ್ ನಮ್ಮನ್ನು ಸೇರಿಸಿ ಪರಿಸ್ಥಿತಿ ವಿವರಿಸಿದರು.

ಕೊನೆಯ ಪಂದ್ಯ ಗೆದ್ದರೆ ನಾವು ಪ್ಲೇಆಫ್‌ಗೆ, ಅಂದರೆ ದೇಶದ ಚಾಂಪಿಯನ್ ಯಾರೆಂದು ತೀರ್ಮಾನಿಸುವ ನಾಕ್‌ಔಟ್‌ಗೆ, ಹೋಗುತ್ತೇವೆ. ಅಲ್ಲಿ ಮೊದಲ ಸುತ್ತಿನಲ್ಲೇ ನಮ್ಮನ್ನು ಪುಡಿ ಮಾಡುತ್ತಾರೆ. ಅದಕ್ಕೆ ಬಸ್ಸು ನಾವೇ ಮಾಡಿಕೊಂಡು ಹೋಗಬೇಕು.

"ಪುಡಿಯಾಗೋಕೆ ನಮ್ಮದೇ ಬಸ್ಸು," ಎಂದರು ಕೋಚ್. "ಅಕಸ್ಮಾತ್ ಗೆದ್ದರೆ ಇನ್ನೂ ದೂರದ ಊರಿಗೆ ಇನ್ನೊಂದು ಬಸ್ಸು. ಗೆದ್ದಷ್ಟೂ ಖರ್ಚು."

ಸೋತರೆ? ಅವರ ಕಣ್ಣು ಹೊಳೆಯಿತು. ಸೋತರೆ ಬೌಲ್ ಆಡಬಹುದು. ಅವರ ದೇಶದಲ್ಲಿ ಕಾಲೇಜು ಸೀಸನ್ನಿನ ಕೊನೆಗೆ ಒಂದೊಂದು ಊರಿನವರು ಒಂದೊಂದು ಬೌಲ್ ಇಡುತ್ತಾರಂತೆ. ಆಲೂಗಡ್ಡೆಯವನದು ಒಂದು, ಟೈರಿನವನದು ಒಂದು. ಚಾಂಪಿಯನ್ ಅಲ್ಲದ ಎರಡು ಟೀಮುಗಳನ್ನು ಕರೆಸಿ ಒಂದೇ ಪಂದ್ಯ ಆಡಿಸುತ್ತಾರೆ. ಊರಿನ ಹೋಟೆಲುಗಳು ತುಂಬುತ್ತವೆ, ವ್ಯಾಪಾರವಾಗುತ್ತದೆ, ಬ್ಯಾಂಡ್ ಬಾರಿಸುತ್ತದೆ.

"ಪ್ಲೇಆಫ್‌ನಲ್ಲಿ ಒಬ್ಬ ಗೆದ್ದು ಉಳಿದವರೆಲ್ಲ ಅಳ್ತಾ ಮನೆಗೆ ಹೋಗ್ತಾರೆ. ಬೌಲ್‌ನಲ್ಲಿ ಅರ್ಧ ದೇಶ ಗೆದ್ದು ಮನೆಗೆ ಹೋಗುತ್ತೆ. ಈಗ ಎಲ್ಲರಿಗೂ ಪ್ಲೇಆಫೇ ಬೇಕಂತೆ, ಹುಚ್ಚರು!"

ಕ್ಯಾಪ್ಟನ್ ಕೆಂಪಾದ. "ಯಾರು ಒಳ್ಳೆಯವರು ಅಂತ ಗೊತ್ತಾಗೋದು ಪ್ಲೇಆಫ್‌ನಲ್ಲೇ."

"ಅದು ಈಗಲೇ ಗೊತ್ತಲ್ಲಪ್ಪ. ನಾವಲ್ಲ," ಎಂದರು ಕೋಚ್.

ಕೊನೆಗೆ ಒಪ್ಪಂದವಾಯಿತು. ಪಂದ್ಯವನ್ನು ಗೆಲ್ಲಲೆಂದೇ ಆಡುವುದು. ಆದರೆ ಸೋತರೆ ಇರಲೆಂದು ಒಂದು ಬೌಲ್ ಸಿದ್ಧವಾಗಿಟ್ಟಿರುವುದು. ಖರ್ಚು ಹೊರುವ ಪ್ರಾಯೋಜಕರನ್ನು ಹುಡುಕುವ ಭಾರ ಖಜಾಂಚಿಯ ಮೇಲೆ ಬಿತ್ತು.

ಲೀಡ್ಸ್‌ನಲ್ಲಿ ನನಗೆ ಗೊತ್ತಿದ್ದ ಉದ್ಯಮಿ ಒಬ್ಬರೇ. ಉಡುಪಿ ಕಡೆಯವರು, ಹಳೆಯ ಉಣ್ಣೆ ಗಿರಣಿಯೊಂದರ ಕೆಳಮಹಡಿಯಲ್ಲಿ ದೋಸೆ ಹಿಟ್ಟು ರುಬ್ಬಿ ಉತ್ತರ ಇಂಗ್ಲೆಂಡಿನ ಅಂಗಡಿಗಳಿಗೆ ಕಳಿಸುತ್ತಿದ್ದರು. ನಾವು ಕನ್ನಡದ ಹುಡುಗರೆಲ್ಲ ಅವರನ್ನು ಹಿಟ್ಟಿನ ಅಂಕಲ್ ಎನ್ನುತ್ತಿದ್ದೆವು. ಹೋದಾಗ ಅವರು ಗ್ರೈಂಡರ್‌ಗೆ ಉದ್ದು ಸುರಿಯುತ್ತಿದ್ದರು. ಸದ್ದಿನ ಮೇಲೆ ಕೂಗಿ ಕೂಗಿ ವಿಷಯ ಹೇಳಿದೆ.

"ಬೌಲ್ ಅಂದ್ರೆ ಪಾತ್ರೆಯಾ?" ಎಂದರು.

"ಹೌದು ಅಂಕಲ್, ಆದ್ರೆ ಇಲ್ಲಿ ಪಂದ್ಯದ ಹೆಸರು."

"ಇರ್ಲಿ ಮಾರಾಯ, ಹಿಟ್ಟಿಗೂ ಪಾತ್ರೆ ಬೇಕೇ ಅಲ್ವಾ? ಜನ ಎಷ್ಟು ಬರ್ತಾರೆ?"

"ಸುಮಾರು ಬರ್ತಾರೆ. ಎಲ್ಲರಿಗೂ ದೋಸೆ ಕೊಟ್ರೆ ಇನ್ನೂ ಬರ್ತಾರೆ."

ಅವರು ಕೈ ತೊಳೆದುಕೊಂಡು ಗ್ರೈಂಡರ್ ನಿಲ್ಲಿಸಿದರು. ವ್ಯವಹಾರ ಮಾತಾಡುವಾಗ ಮಾತ್ರ ಅವರು ಅದನ್ನು ನಿಲ್ಲಿಸುತ್ತಿದ್ದುದು.

"ಒಂದು ವಿಷಯ. ನೀವು ಸೋಲುದು ಗ್ಯಾರಂಟಿಯಾ? ಬ್ಯಾನರ್ ಪ್ರಿಂಟ್ ಮಾಡಿಸಿದ ಮೇಲೆ ಗೆದ್ದು ಕೂತ್ಕೊಂಡ್ರೆ ನಾನೆಂತ ಮಾಡುದು?"

ನಾನು ಫೋನ್‌ನಲ್ಲಿ ನಮ್ಮ ಹಿಂದಿನ ಪಂದ್ಯದ ವಿಡಿಯೋ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಸ್ವಲ್ಪ ಹೊತ್ತು ನೋಡಿದರು. ನಮ್ಮವನೇ ಒಬ್ಬ ನಮ್ಮವನನ್ನೇ ಕೆಡವಿದ ಜಾಗ ಬಂದಾಗ ಫೋನ್ ವಾಪಸ್ ಕೊಟ್ಟು, "ಸಾಕು, ಧೈರ್ಯ ಬಂತು," ಎಂದರು.

ಕೊನೆಯ ಪಂದ್ಯದ ದಿನ ಜಡಿಮಳೆ. ನಾವು ಪ್ಯಾಡು ಕಟ್ಟಿಕೊಂಡು ಕೆಸರಿನಲ್ಲಿ ನಿಂತೆವು. ರೆಫರಿ ಬಂದರು, ಆಂಬುಲೆನ್ಸ್ ಬಂತು, ಎದುರಾಳಿ ಟೀಮ್ ಮಾತ್ರ ಬರಲಿಲ್ಲ. ಕಾದೆವು. ಹೆಲ್ಮೆಟ್ಟಿನೊಳಗೆ ನೀರು ತುಂಬಿತು. ಆಮೇಲೆ ರೆಫರಿ ಯಾರಿಗೋ ಫೋನ್ ಮಾಡಿ, ನಮ್ಮ ಕ್ಯಾಪ್ಟನ್‌ನ ಕೈ ಕುಲುಕಿ, "ಅಭಿನಂದನೆ, ನೀವು ಗೆದ್ದಿರಿ," ಎಂದರು.

ಕ್ಯಾಪ್ಟನ್ ಕೆಸರಿನಲ್ಲಿ ಮೊಣಕಾಲೂರಿ ಅತ್ತುಬಿಟ್ಟ. ಕೋಚ್ ಕಿಟ್ ಬ್ಯಾಗಿನ ಮೇಲೆ ಕುಸಿದು ಕೂತರು. ಆಮೇಲೆ ತಿಳಿಯಿತು: ಆ ಟೀಮಿಗೂ ಅವರ ಊರಿನ ಕಾರ್ಪೆಟ್ ಅಂಗಡಿಯವರೊಬ್ಬರು ಸೋತರೆ ಬೌಲ್ ಆಡಿಸುವುದಾಗಿ ಮಾತು ಕೊಟ್ಟಿದ್ದರಂತೆ. ನಾವಾದರೋ ಆಡಿ ಸೋಲುವ ಅಂದಾಜಿನಲ್ಲಿದ್ದೆವು. ಅವರು ಬಸ್ ಬಾಡಿಗೆಯನ್ನೂ ಉಳಿಸಿಕೊಂಡು, ಮನೆಯಲ್ಲೇ ಬೆಚ್ಚಗೆ ಕೂತು ಸೋತಿದ್ದರು. ಸೋಲುವುದರಲ್ಲೂ ಅವರು ನಮಗಿಂತ ಒಂದು ಕೈ ಮೇಲು.

ಸುದ್ದಿ ಹೇಳಲು ಗಿರಣಿಗೆ ಹೋದೆ. ಹಿಟ್ಟಿನ ಅಂಕಲ್ ಬ್ಯಾನರ್ ಬಿಡಿಸಿ ನೋಡುತ್ತಿದ್ದರು. ಗೋಡೆಯುದ್ದಕ್ಕೂ ಹಳದಿ ಬಣ್ಣದ ಬ್ಯಾನರು, ಮಧ್ಯದಲ್ಲಿ ಹೆಲ್ಮೆಟ್ ಹಾಕಿಕೊಂಡ ದೋಸೆ.

"ಗೆದ್ದದ್ದಾ? ಎಂತಕೆ ಗೆದ್ದದ್ದು?"

"ನಾವು ಗೆಲ್ಲಲಿಲ್ಲ ಅಂಕಲ್. ಅವರು ಬರಲಿಲ್ಲ."

"ಬರದಿದ್ರೆ ನೀವೂ ಹೊರಟು ಬರ್ಬೇಕಿತ್ತು. ಅಲ್ಲೇ ನಿಂತದ್ದು ಯಾಕೆ?"

ನಿಲ್ಲುವುದೇ ನನ್ನ ಕೆಲಸ ಎಂದೆ. ಪ್ಲೇಆಫ್‌ನಿಂದ ಹಿಂದೆ ಸರಿಯೋಣವೆಂದರೆ ಅದಕ್ಕೆ ದಂಡವಿತ್ತು, ಅದು ಬಸ್ ಬಾಡಿಗೆಗಿಂತ ಹೆಚ್ಚು ಎಂದೂ ಹೇಳಿದೆ. ಅವರು ಹಣೆ ಒತ್ತಿಕೊಂಡರು.

"ಈ ಪ್ಲೇಆಫ್ ಎಲ್ಲಿ ಉಂಟು?"

"ಕೆಳಗಡೆ ಅಂಕಲ್, ಕೊವೆಂಟ್ರಿ ದಾಟಿ, ಲೆಮಿಂಗ್ಟನ್ ಸ್ಪಾ ಹತ್ರ."

ಅವರ ಕೈ ಹಣೆಯಿಂದ ಇಳಿಯಿತು. "ಯಾವಾಗ? ಈ ಆದಿತ್ಯವಾರವಾ?"

ನಡೆದದ್ದು ಹೀಗೆ. ಅದೇ ಭಾನುವಾರ ಕೊವೆಂಟ್ರಿಯ ಕನ್ನಡದವರು ಹಾಲ್ ಹಿಡಿದು ಬೆಳಗಿನ ದೋಸೆ ಕೂಟ ಇಟ್ಟುಕೊಂಡಿದ್ದರು. ಲೆಮಿಂಗ್ಟನ್‌ನಲ್ಲಿ ವಿಡಿಯೋ ಗೇಮ್ ಕಂಪನಿಗಳಲ್ಲಿ ಕೆಲಸ ಮಾಡುವ ಬೆಂಗಳೂರಿನ ಸಂಸಾರಗಳದೂ ಆರ್ಡರ್ ಇತ್ತು. ಅಂಕಲ್‌ರ ವ್ಯಾನು ವರ್ಷಕ್ಕೊಮ್ಮೆ ಮಾಡಿಸಲೇಬೇಕಾದ ಎಂಓಟಿ ತಪಾಸಣೆಯಲ್ಲಿ ಫೇಲಾಗಿ ಗ್ಯಾರೇಜಿನಲ್ಲಿ ಕೂತಿತ್ತು. ಅವರು ಗ್ರೈಂಡರ್ ನಿಲ್ಲಿಸಿದರು. ಬಸ್ಸಿನ ಬಾಡಿಗೆ ಅವರದು, ಬಸ್ಸಿನಲ್ಲಿ ನಾವು, ನಮ್ಮ ಜೊತೆ ಹಿಟ್ಟು.

"ಡಿಕ್ಕಿಯಲ್ಲಿ ಇಡ್ಬೇಡಿ. ಥಂಡಿಗೆ ಹುಳಿ ಬರುದಿಲ್ಲ. ಒಳಗೆ ಹೀಟರ್ ಹತ್ರ ಇಡಿ. ಕೊವೆಂಟ್ರಿ ಮುಟ್ಟುವಾಗ ಹದ ಆಗಿರ್ತದೆ, ನಾನು ಲೆಕ್ಕ ಹಾಕಿದ್ದೇನೆ."

ಕ್ಯಾಪ್ಟನ್ ಒಂದೇ ಷರತ್ತು ಹಾಕಿದ: ಇದು ಪ್ಲೇಆಫ್, ಆದ್ದರಿಂದ ಬಸ್ಸಿಗೆ ಬ್ಯಾನರ್ ಕಟ್ಟುವಂತಿಲ್ಲ. ಭಾನುವಾರ ಬೆಳಿಗ್ಗೆ ನಾವು ಬರುವಷ್ಟರಲ್ಲಿ ಬಸ್ಸಿಗೆ ಬ್ಯಾನರ್ ಕಟ್ಟಿ ಆಗಿತ್ತು.

ಬಿಳಿ ಬಕೆಟ್ಟುಗಳು ಬಸ್ಸಿನ ನಡುದಾರಿಯಲ್ಲಿ ಸಾಲಾಗಿ ಕೂತವು. ಉಳಿದವು ಸೀಟುಗಳ ಮೇಲೆ; ಅವುಗಳಿಗೆ ಬೆಲ್ಟ್ ಹಾಕಿದ್ದರು. ನಮ್ಮಲ್ಲಿ ಕೆಲವರಿಗೆ ಬೆಲ್ಟ್ ಸಿಗಲಿಲ್ಲ. ಅಂಕಲ್ ಮತ್ತು ಆಂಟಿ ತಮ್ಮ ಕಾರಿನಲ್ಲಿ ಆಮೇಲೆ ಬರುವುದೆಂದಾಯಿತು.

ಮೋಟಾರ್‌ವೇಯಲ್ಲಿ ಮುಂದೆಲ್ಲೋ ಲಾರಿಯೊಂದು ಅಡ್ಡ ಬಿದ್ದು ಎಲ್ಲ ನಿಂತಿತ್ತು. ಅಂಕಲ್‌ರ ಲೆಕ್ಕದಲ್ಲಿ ಆ ಲಾರಿ ಇರಲಿಲ್ಲ. ಹೀಟರ್ ಕಮ್ಮಿ ಮಾಡಲು ಕೇಳಿದರೆ ಡ್ರೈವರ್, "ಇದು ಒಂದೋ ಪೂರ್ತಿ ಉರಿಯುತ್ತೆ, ಇಲ್ಲ ಕೆಡುತ್ತೆ," ಎಂದ. ಬಸ್ಸಿನ ತುಂಬ ಹುಳಿ ವಾಸನೆ ಎದ್ದಿತು. ಮೊದಲು ನನ್ನ ಪಕ್ಕದ ಬಕೆಟ್ಟಿನ ಮುಚ್ಚಳ ನಿಧಾನವಾಗಿ ಗುಮ್ಮಟದಂತೆ ಉಬ್ಬಿತು. ಆಮೇಲೆ ಹಿಂದಿನದು. ಯಾರೋ "ಇದು ಉಸಿರಾಡ್ತಿದೆ," ಎಂದರು.

ಅಂಕಲ್‌ಗೆ ಫೋನ್ ಮಾಡಿ ಸ್ಪೀಕರ್‌ನಲ್ಲಿ ಹಾಕಿದೆ. "ಮುಚ್ಚಳ ಪೂರ್ತಿ ತೆಗೀಬೇಡಿ! ಒಂದು ಬದಿ ಸ್ವಲ್ಪ ಎತ್ತಿ ಗಾಳಿ ಬಿಡಿ, ಮತ್ತೆ ಮುಚ್ಚಿ ಮೇಲೆ ಭಾರ ಇಡಿ!"

"ಭಾರ ಎಲ್ಲಿಂದ ತರೋದು ಅಂಕಲ್?"

"ನೀನು ಎಂತಕೆ ಇರುದು ಮತ್ತೆ?"

ಅನುವಾದಿಸಿ ಹೇಳಿದೆ. ಕೋಚ್ ಎದ್ದು ನಿಂತರು. ವರ್ಷವಿಡೀ ನಮಗೆ ಕಲಿಸಿದ್ದು ಇದಕ್ಕೇ ಇರಬೇಕು ಎನ್ನುವ ಹಾಗಿತ್ತು ಅವರ ಮುಖ. "ಲೈನ್! ಜಾಗಕ್ಕೆ!" ಎಂದು ಕೂಗಿದರು. ನಾವು ಐದೂ ಜನ ಎದ್ದು ಒಬ್ಬೊಬ್ಬರು ಒಂದೊಂದು ಬಕೆಟ್ಟಿನ ಮೇಲೆ ಕೂತೆವು. ಉಳಿದ ಬಕೆಟ್ಟುಗಳ ಮೇಲೆ ಓಡುವವರು, ಎಸೆಯುವವರು, ಹಿಡಿಯುವವರು. ಅವರು ತೆಳ್ಳಗಿನವರು, ಹಿಟ್ಟು ಅವರನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಕೆಳಗಿನಿಂದ ಮೆಲ್ಲಗೆ ಎತ್ತುವ ಒಂದು ಶಕ್ತಿ ಇತ್ತು, ಸುಳ್ಳಲ್ಲ. ಆ ಸೀಸನ್ನಿನಲ್ಲಿ ಯಾವ ಟೀಮೂ ನನ್ನನ್ನು ಅಷ್ಟು ತಾಳ್ಮೆಯಿಂದ ತಳ್ಳಿರಲಿಲ್ಲ. ಚೆಂಡು ಎಸೆಯುವ ಹುಡುಗ ಮೆಸೇಜ್ ನೋಡಲು ಒಂದು ಗಳಿಗೆ ಎದ್ದ. ಟಪ್ ಎಂದು ಮುಚ್ಚಳ ಹಾರಿ ಬಸ್ಸಿನ ಚಾವಣಿಗೆ ಬಡಿಯಿತು. ಅವನ ಎದೆ, ಗಲ್ಲ, ಫೋನು ಎಲ್ಲ ಬೆಳ್ಳಗಾದವು. ಕ್ಯಾಪ್ಟನ್ ಓಡಿ ಬಂದು ಅವನ ಬಾಯಿ ತೆರೆಸಿ ಹಲ್ಲು ನೋಡಿದ.

ಕೊವೆಂಟ್ರಿ ಮುಟ್ಟಿದಾಗ ಹಾಲ್‌ನ ಬಾಗಿಲಲ್ಲಿ ಕನ್ನಡದವರೆಲ್ಲ ಹಸಿದು ನಿಂತಿದ್ದರು. ಒಳಗೆ ಚಟ್ನಿ, ಪಲ್ಯ ಎಲ್ಲ ತಯಾರು, ಹಿಟ್ಟೊಂದೇ ಇರಲಿಲ್ಲ. ಹಳದಿ ಬ್ಯಾನರಿನ ಬಸ್ಸಿನಿಂದ ಪ್ಯಾಡು ಕಟ್ಟಿದ ದಾಂಡಿಗರು ಬಕೆಟ್ಟು ತಬ್ಬಿಕೊಂಡು ಇಳಿದುದನ್ನು ಕಂಡು ಮಕ್ಕಳು ಚಪ್ಪಾಳೆ ತಟ್ಟಿದರು. ರೇಷ್ಮೆ ಸೀರೆಯ ಮೇಲೆ ಕೋಟು ಹಾಕಿಕೊಂಡಿದ್ದ ಹಿರಿಯ ಹೆಂಗಸೊಬ್ಬರು ಅಡುಗೆಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದರು. ನನ್ನ ಬಕೆಟ್ಟಿನ ಮುಚ್ಚಳ ತೆಗೆಸಿ, ಬೆರಳಲ್ಲಿ ಒಂದಿಷ್ಟು ನೆಕ್ಕಿ ನೋಡಿದರು.

"ಸ್ವಲ್ಪ ಹುಳಿ ಜಾಸ್ತಿ ಆಯ್ತು. ಪರವಾಗಿಲ್ಲ. ಯಾವೂರಪ್ಪ ನಿಂದು?"

"ಮೈಸೂರು, ಆಂಟಿ."

"ಮೈಸೂರಲ್ಲಿ ಎಲ್ಲಿ?"

"ಆಂಟಿ, ನಮಗೆ ಮ್ಯಾಚ್ ಇದೆ, ತಡವಾಯ್ತು..."

"ಹಸ್ಕೊಂಡು ಯಾರಾದ್ರೂ ಮ್ಯಾಚ್ ಆಡ್ತಾರೇನೋ? ಕೂತ್ಕೊಳ್ಳಿ ಎಲ್ಲಾರೂ!"

ಕ್ಯಾಪ್ಟನ್ ಗಡಿಯಾರ ತೋರಿಸಿದ. ಅವರು ಅವನಿಗೆ ಎರಡು ದೋಸೆ ಇದ್ದ ತಟ್ಟೆ ಕೊಟ್ಟರು. ತಿಂದ. ಇನ್ನೆರಡು ಹಾಕಿದರು. ಅವನಿಗೆ ಬೇಡ ಎನ್ನುವುದು ಹೇಗೆಂದು ಗೊತ್ತಿರಲಿಲ್ಲ. ತಟ್ಟೆಗೆ ಕೈ ಅಡ್ಡ ಹಿಡಿಯಬೇಕೆಂದು ನಾನು ಹೇಳಿಕೊಡುವುದರೊಳಗೆ ಆರು ಮುಗಿದಿದ್ದವು. ಕೋಚ್ ಅಡುಗೆಮನೆಗೇ ಹೋಗಿ ಕಾವಲಿಯ ಪಕ್ಕ ನಿಂತುಬಿಟ್ಟಿದ್ದರು.

ಲೆಮಿಂಗ್ಟನ್‌ನಲ್ಲಿ ಮನೆ ಮನೆ ಬಾಗಿಲು ತಟ್ಟಿ ಅವರವರ ಆರ್ಡರ್ ಕೊಟ್ಟು ಮೈದಾನ ಮುಟ್ಟಿದಾಗ ರೆಫರಿ ಸೀಟಿ ಬಾಯಲ್ಲಿ ಇಟ್ಟುಕೊಂಡೇ ಕಾಯುತ್ತಿದ್ದರು. ಎದುರಿನವರಿಗೆ ಸಂಬಳದ ಕೋಚ್‌ಗಳಿದ್ದರು, ಎಲ್ಲರದೂ ಒಂದೇ ಬಣ್ಣದ ಹೊಸ ಬೂಟು. ನಾವು ಹೊಟ್ಟೆ ಭಾರದಿಂದ ಬಗ್ಗಲಾರದೆ ಬಗ್ಗಿ ನಿಂತೆವು. ನನ್ನೆದುರಿಗೆ ನಿಂತ ದೈತ್ಯ ಮೂಗು ಅರಳಿಸಿ, "ಇದೇನು ವಾಸನೆ?" ಎಂದ. "ಅಕ್ಕಿ ಮತ್ತು ಉದ್ದು," ಎಂದೆ. ಅವನು ಯೋಚಿಸುತ್ತಿದ್ದಾಗ ಆಟ ಶುರುವಾಯಿತು. ನಾನು ಅವನನ್ನು ತಡೆದ ಒಂದೇ ಒಂದು ಸಲ ಅದು. ಆಮೇಲಿನದನ್ನು ವಿವರಿಸುವುದರಲ್ಲಿ ಅರ್ಥವಿಲ್ಲ. ಅರ್ಧಕ್ಕೇ ಸ್ಕೋರ್ ಬರೆಯುವವರಿಗೆ ನಮ್ಮ ಮೇಲೆ ಕನಿಕರ ಹುಟ್ಟಿತ್ತು. ಚೆಂಡು ಎಸೆಯುವ ನಮ್ಮ ಹುಡುಗನ ಎದೆಯ ಮೇಲಿನ ಹಿಟ್ಟು ಒಣಗಿ, ಅವನು ಬಿದ್ದಾಗೆಲ್ಲ ಚಕ್ಕೆ ಚಕ್ಕೆಯಾಗಿ ಉದುರುತ್ತಿತ್ತು.

ಪಂದ್ಯ ಮುಗಿದಾಗ ಕಾರ್ ಪಾರ್ಕಿನಲ್ಲಿ ಅಂಕಲ್ ಮತ್ತು ಆಂಟಿ ಗ್ಯಾಸ್ ಒಲೆ ಹಚ್ಚಿ ಕಾವಲಿ ಇಟ್ಟಿದ್ದರು. ನಮ್ಮ ಬಸ್ಸಿನಲ್ಲಿ ಒಂದು ಬಕೆಟ್ ಮಿಕ್ಕಿತ್ತು. ಮೊದಲು ನಾವು ಹೋದೆವು, ಆಮೇಲೆ ಗೆದ್ದವರು, ಆಮೇಲೆ ರೆಫರಿ. ನನ್ನೆದುರಿಗೆ ನಿಂತಿದ್ದ ದೈತ್ಯ ಮೂರನೇ ಸಲ ಸಾಲಿಗೆ ಬಂದ.

ಗೆದ್ದ ಟೀಮಿನ ಕ್ಯಾಪ್ಟನ್ ನಮ್ಮವನ ಬಳಿ ಬಂದು ಮೆಲ್ಲಗೆ ಕೇಳಿದ. "ನಿಮಗೆ ಬಸ್ಸಿಗೆ ದುಡ್ಡು ಕೊಟ್ಟೋರು ಯಾರು? ನಮ್ಮ ಮುಂದಿನ ಪಂದ್ಯ ಸ್ಕಾಟ್ಲೆಂಡಿನಲ್ಲಿ. ಕೋಚ್‌ಗಳ ಸಂಬಳ ಕೊಟ್ಟ ಮೇಲೆ ನಮ್ಮ ಹತ್ರ ಏನೂ ಉಳಿದಿಲ್ಲ."

ನಾನು ಅವನನ್ನು ಅಂಕಲ್ ಬಳಿ ಕರೆದುಕೊಂಡು ಹೋಗಿ ವಿಷಯ ಹೇಳಿದೆ. ಅಂಕಲ್ ದೋಸೆ ಮಗುಚಿದರು. "ಸ್ಕಾಟ್ಲೆಂಡಾ? ಅಷ್ಟು ಮೇಲೆ ನಮಗೆ ಗಿರಾಕಿ ಇಲ್ಲ. ಇವರು ಇವತ್ತು ಸೋತಿದ್ರೆ ನೋಡ್ಬಹುದಿತ್ತು."

ನಾನು ಅದನ್ನು ಆದಷ್ಟು ನಯವಾಗಿ ಇಂಗ್ಲಿಷಿಗೆ ತಂದೆ. ಅಷ್ಟು ದೊಡ್ಡ ಅಂತರದಿಂದ ಗೆದ್ದವನ ಮುಖ ಅಷ್ಟು ಸಣ್ಣದಾದದ್ದನ್ನು ನಾನು ಮತ್ತೆ ಕಂಡಿಲ್ಲ. ಆಂಟಿ ಅವನ ತಟ್ಟೆಗೆ ಇನ್ನೊಂದು ಹಾಕಿದರು.

ಮುಂದಿನ ವಾರ ಅದೇ ಪಬ್‌ನಲ್ಲಿ ಸಭೆ ಸೇರಿತು. ಬರುವ ವರ್ಷ ಯಾವುದಕ್ಕೆ ಗುರಿಯಿಡುವುದು ಎಂದು ಕೈ ಎತ್ತಿಸಿದರು. ಕ್ಯಾಪ್ಟನ್ ಬೌಲ್‌ಗೆ ಎತ್ತಿದ. ಒಳ್ಳೆಯವರು ಯಾರೆಂದು ತನಗೀಗ ಸ್ಪಷ್ಟವಾಗಿ ಗೊತ್ತಾಗಿದೆ, ಇನ್ನೊಂದು ಸಲ ತಿಳಿದುಕೊಳ್ಳುವ ಅಗತ್ಯವಿಲ್ಲ ಎಂದ. ಎಲ್ಲರಿಗೂ ಆಶ್ಚರ್ಯವಾಗುವಂತೆ ಕೋಚ್ ಪ್ಲೇಆಫ್‌ಗೆ ಎತ್ತಿದರು.

"ಆ ಬಸ್ಸಿನಲ್ಲಿ ನೀವೆಲ್ಲ ಬಕೆಟ್ ಮೇಲೆ ಕೂತಿದ್ರಲ್ಲ," ಎಂದರು. "ಅಂಥ ಗೋಡೆ ನಾನು ನನ್ನ ದೇಶದಲ್ಲೂ ಕಂಡಿಲ್ಲ."

ಕೈಗಳು ಸಮವಾಗಿ ನಿಂತವು. ನನ್ನದೊಂದೇ ಬಾಕಿ. ಬರುವ ವರ್ಷ ನಾನು ಟೀಮಿನಲ್ಲಿ ಇರುವವನೇ ಅಲ್ಲ ಎಂದರೂ ಬಿಡಲಿಲ್ಲ. ಬೌಲ್‌ಗೆ ಎತ್ತಿದೆ. ಕೋಚ್ ನನ್ನ ಬೆನ್ನು ತಟ್ಟಿದರು, ಸಿಟ್ಟೇನೂ ಇರಲಿಲ್ಲ.

ಈಗ ನಾನು ಕೊವೆಂಟ್ರಿಯಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿದ್ದೇನೆ. ಕಳೆದ ಚಳಿಗಾಲದ ಕೊನೆಗೆ ಹಿಟ್ಟಿನ ಅಂಕಲ್ ಫೋನ್ ಮಾಡಿ ಬೌಲ್ ನೋಡಲು ಕರೆದರು. ಲೀಡ್ಸ್‌ನಲ್ಲಿ ಬಸ್ಸಿಳಿದು ಹೋಗುವಷ್ಟರಲ್ಲಿ ತಡವಾಗಿತ್ತು. ಮೈದಾನದ ಸುತ್ತ ಜನವೋ ಜನ. ಅರ್ಧ ಹೆಡಿಂಗ್ಲೀಯೇ ಬಂದಂತಿತ್ತು. ವಿದ್ಯಾರ್ಥಿಗಳು, ತಳ್ಳುಗಾಡಿಯಲ್ಲಿ ಕೂಸು ಮಲಗಿಸಿಕೊಂಡವರು, ಕಸದ ಗಾಡಿಯ ಕಿತ್ತಳೆ ಅಂಗಿಯವರು. ಎರಡೂ ಕಡೆಯ ಆಟಗಾರರು ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿಕೊಂಡು ಹಾಡುತ್ತಿದ್ದರು. ಯಾರು ಗೆದ್ದರು ಎಂದು ಪಕ್ಕದಲ್ಲಿ ನಿಂತಿದ್ದ ಇಂಗ್ಲಿಷ್ ಹೆಂಗಸನ್ನು ಕೇಳಿದೆ.

ಆಕೆ ತಟ್ಟೆಗೆ ಚಟ್ನಿ ಹಾಕಿಸಿಕೊಳ್ಳುತ್ತಾ, "ಇನ್ನೂ ಶುರುವಾಗಿಲ್ಲ," ಎಂದರು.